ಬೆಳಗ್ಗೆ ಹನ್ನೊಂದಕ್ಕೆ ನಿಮ್ಮ ಮಗು ಯಾರ ಹತ್ತಿರ ಇರುತ್ತದೆ?

ಪ್ರೀತಿಯ ತಂದೆ ತಾಯಂದಿರೇ, ಅಜ್ಜ ಅಜ್ಜಿಯರೇ,

ನಮಸ್ಕಾರ. ಇನ್ನು ಕೆಲವೇ ದಿನಕ್ಕೆ ಫಲಿತಾಂಶ ಹೇಳಿ ಮಕ್ಕಳನ್ನು ಮನೆಗೆ ಕಳಿಸುತ್ತೇವೆ. ಅಲ್ಲಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ. ಶಾಲೆ ಇರುವ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಯಾರಾದರೂ ನನ್ನನ್ನು ಕೇಳಿದರೆ, ಯಾವ ಮಗು ಎಲ್ಲಿದೆ ಎಂದು ಹೇಳಬಲ್ಲೆ. ಹಾಜರಿ ಪುಸ್ತಕ ಇದೆ, ಗಂಟೆ ಇದೆ, ತರಗತಿಗೊಬ್ಬರು ಶಿಕ್ಷಕರಿದ್ದಾರೆ. ರಜೆ ಬಂದರೆ ಆ ಪುಸ್ತಕ ಬೀರುವಿಗೆ ಹೋಗುತ್ತದೆ. ಆಮೇಲೆ ಹನ್ನೊಂದು ಗಂಟೆಗೆ ಮಗು ಎಲ್ಲಿ, ಯಾರ ಹತ್ತಿರ? ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ಹೋದ ವಾರ ಆರನೇ ತರಗತಿಯಲ್ಲಿ ಇದೇ ಪ್ರಶ್ನೆ ಕೇಳಿದೆ. ಒಬ್ಬಳು "ಅಜ್ಜಿ ನೋಡ್ಕೊಳ್ತಾರೆ ಮಿಸ್" ಅಂದಳು. ಅಜ್ಜಿ ಇನ್ನೂ ಯಾರನ್ನು ನೋಡಿಕೊಳ್ಳುತ್ತಾರೆ ಎಂದು ಕೇಳಿದರೆ, ಚಿಕ್ಕಪ್ಪನ ಇಬ್ಬರು ಮಕ್ಕಳು, ಒಂದು ಹಸು, ಒಂದು ಕರು. ಇನ್ನೊಬ್ಬ "ಅಣ್ಣ ಇರ್ತಾನೆ" ಅಂದ. ಆ ಅಣ್ಣ ನಮ್ಮ ಏಳನೇ ತರಗತಿಯ ಹುಡುಗ! ಹೆಚ್ಚಿನವರ ಉತ್ತರ ಮಾತ್ರ ಒಂದೇ: "ಯಾರಾದ್ರೂ ಇರ್ತಾರೆ ಮಿಸ್."

ಆ "ಯಾರಾದ್ರೂ" ಎಂಬ ಮಾತೇ ನನಗೆ ಭಯ. ಗೃಹಪ್ರವೇಶ, ಹಬ್ಬ, ಜಾತ್ರೆಯ ಮನೆಗಳನ್ನೇ ನೋಡಿ. ಮನೆ ತುಂಬ ದೊಡ್ಡವರಿರುತ್ತಾರೆ. ಅಮ್ಮ ಮಗು ಅತ್ತೆಯ ಹತ್ತಿರ ಇದೆ ಅಂದುಕೊಂಡಿರುತ್ತಾಳೆ, ಅತ್ತೆ ಅದು ಮಾವನ ಜೊತೆ ತೋಟಕ್ಕೆ ಹೋಗಿದೆ ಅಂದುಕೊಂಡಿರುತ್ತಾರೆ. ಮಾವ ಒಬ್ಬರೇ ವಾಪಸ್ ಬಂದಾಗಲೇ ಹುಡುಕಾಟ ಶುರು.

ಮೊದಲು ಕೃಷಿ ಹೊಂಡದ ವಿಷಯ ಹೇಳುತ್ತೇನೆ. ಕೃಷಿ ಭಾಗ್ಯ ಯೋಜನೆ 2014ರಲ್ಲಿ ಶುರುವಾದ ಮೇಲೆ ನಮ್ಮ ಸುತ್ತಮುತ್ತ ಎಷ್ಟೊಂದು ಹೊಂಡಗಳಾದವು. ಒಣಗುತ್ತಿದ್ದ ತೆಂಗು ಉಳಿಯಿತು, ಬಹಳ ಒಳ್ಳೆಯದಾಯಿತು. ಆದರೆ ಈಜು ಬರುವವರಿಗೂ ಆ ಹೊಂಡ ಕೆರೆ ಇದ್ದ ಹಾಗಲ್ಲ. ನಮ್ಮ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರ ತೋಟಕ್ಕೆ ಹೋಗಿ ಇದನ್ನು ಕಣ್ಣಾರೆ ನೋಡಿದೆ. ಅವರು ಗಟ್ಟಿ ಆಳು, ಈಗಲೂ ತೆಂಗಿನ ಮರ ಹತ್ತುತ್ತಾರೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೇಲೆ ಇಬ್ಬರನ್ನು ನಿಲ್ಲಿಸಿ, ಹೊಂಡಕ್ಕೆ ಇಳಿದರು. "ಹಗ್ಗ ಹಿಡಿಯದೆ ಹತ್ತಿ ಬನ್ನಿ ನೋಡೋಣ" ಅಂದೆ. ನೀರು ಇಂಗದಂತೆ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಬೆರಳಿನಷ್ಟು ಪಾಚಿ. ಒಂದು ಹೆಜ್ಜೆ ಇಟ್ಟರು, ಜಾರಿದರು. ಮಂಡಿಯೂರಿದರು, ಜಾರಿದರು. ಹಿಡಿಯಲು ಒಂದು ಹುಲ್ಲುಕಡ್ಡಿ ಇಲ್ಲ, ಒಂದು ಕಲ್ಲಿಲ್ಲ. ಉಗುರು ಊರಿದರೆ ಪ್ಲಾಸ್ಟಿಕ್ ಮೇಲೆ ಗೀರು ಬೀಳುತ್ತಿತ್ತು, ಅಷ್ಟೇ. ನಾಲ್ಕನೇ ಸಲ ಜಾರಿದ ಮೇಲೆ ಅವರ ಮುಖ ನೋಡಲಾಗಲಿಲ್ಲ. ಮೇಲೆ ಬಂದು ಬಹಳ ಹೊತ್ತು ಮಾತಾಡಲಿಲ್ಲ. ಅವರ ಮೊಮ್ಮಗಳು ನಮ್ಮ ನಲಿಕಲಿಯಲ್ಲಿ, ಅಂದರೆ ಪುಟ್ಟ ಮಕ್ಕಳ ತರಗತಿಯಲ್ಲಿದ್ದಾಳೆ.

ಹೊಂಡದ ಆಳ ಸಾಮಾನ್ಯವಾಗಿ 3 ಮೀಟರ್, ಅಂದರೆ ಹತ್ತಡಿ. ಹತ್ತು ವರ್ಷದ ಮಗುವಿಗೆ ಎರಡಾಳು ನೀರು. ಸುತ್ತ ತಂತಿ ಬೇಲಿ ಹಾಕಲು ಯೋಜನೆಯಲ್ಲೇ ಸಹಾಯಧನ ಇದೆ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಬೇಲಿ ಆಗುವ ತನಕ ಕಾಯಬೇಡಿ. ನಾಲ್ಕು ಮೂಲೆಗೂ ಗೂಟ ಹೊಡೆದು, ಗಂಟು ಹಾಕಿದ ಹಗ್ಗವನ್ನು ನೀರಿಗೆ ಮುಟ್ಟುವಂತೆ ಇಳಿಬಿಡಿ. ಎರಡು ಹಳೆಯ ಟ್ರ್ಯಾಕ್ಟರ್ ಟ್ಯೂಬಿಗೆ ಗಾಳಿ ತುಂಬಿ ಹೊಂಡದಲ್ಲಿ ತೇಲಿಬಿಡಿ. ಇದಕ್ಕೆ ಒಂದು ದಿನದ ಕೂಲಿಯಷ್ಟೂ ಖರ್ಚಾಗುವುದಿಲ್ಲ. ಅಧ್ಯಕ್ಷರು ಅವತ್ತು ಸಂಜೆಯೇ ಮಾಡಿಸಿದರು.

ಕೆರೆಯ ವಿಷಯದಲ್ಲೂ ಒಂದು ಮಾತು. ನಾವು ಚಿಕ್ಕವರಿದ್ದಾಗ ಈಜಿದ ಕೆರೆಯೇ ಅಲ್ವಾ ಎಂದು ಅಂದುಕೊಳ್ಳಬೇಡಿ. ಕೆರೆಯ ಅಂಗಳದಲ್ಲಿ ಮಣ್ಣು ತೆಗೆದ ಗುಂಡಿಗಳು ಅಲ್ಲಲ್ಲೇ ಇವೆ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದ ಮಗು ಮುಂದಿನ ಹೆಜ್ಜೆಗೆ ಮುಳುಗಿಹೋಗುತ್ತದೆ. ಮೇಲಿನಿಂದ ನೋಡಿದರೆ ನೀರೆಲ್ಲ ಒಂದೇ ಬಣ್ಣ. ಈಜು ಕಲಿಸಬೇಡಿ ಎನ್ನುತ್ತಿಲ್ಲ. ಖಂಡಿತ ಕಲಿಸಿ, ನೀವೇ ಜೊತೆಗಿದ್ದು ಕಲಿಸಿ. ಹುಡುಗಿಯರಿಗೂ ಕಲಿಸಿ. ಬಟ್ಟೆ ಒಗೆಯಲು ನೀರಿನ ಹತ್ತಿರ ಹೋಗುವವರು ಅವರೇ ಜಾಸ್ತಿ.

ಮುಳುಗುವ ಮಗು ಕೂಗುತ್ತದೆ, ಕೈ ಬೀಸುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಕೂಗಲು ಉಸಿರು ಬೇಕು, ಅದಕ್ಕೆ ಉಸಿರೇ ಇರುವುದಿಲ್ಲ. ಬಹಳ ಸಲ ಒಂದು ಸದ್ದೂ ಆಗುವುದಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ಬೆನ್ನು ಹಾಕಿ ಕುಳಿತವರಿಗೂ ಗೊತ್ತಾಗುವುದಿಲ್ಲ. ಗೊತ್ತಾದರೆ ಮಾಡುವ ದೊಡ್ಡ ತಪ್ಪೆಂದರೆ ಹಿಂದೆಯೇ ಹಾರುವುದು. ತಮ್ಮನನ್ನು ಉಳಿಸಲು ಅಕ್ಕ, ಅವಳನ್ನು ಉಳಿಸಲು ಅಮ್ಮ. ಇಂಥ ಸುದ್ದಿ ಪ್ರತಿ ಬೇಸಿಗೆಯಲ್ಲೂ ಪೇಪರಿನಲ್ಲಿ ಬರುತ್ತದೆ. ಹಾರಬೇಡಿ. ಹಗ್ಗ, ಸೀರೆ, ಗಳು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಏನು ಸಿಕ್ಕರೂ ಎಸೆಯಿರಿ. ಕೂಗಿ ಜನ ಸೇರಿಸಿ. ಇದನ್ನೇ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಂದ ದಿನವೂ ಹೇಳಿಸುತ್ತಿದ್ದೇವೆ: "ಹಾರಬೇಡ, ಎಸೆ, ಕೂಗು."

ಮಗುವನ್ನು ಮೇಲೆ ತಂದ ಮೇಲೆ ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತುವುದು, ಉಪ್ಪಿನ ರಾಶಿಯಲ್ಲಿ ಮಲಗಿಸುವುದು ಬೇಡ. ಉಪ್ಪಿನಿಂದ ಹೋದ ಜೀವ ವಾಪಸ್ ಬರುತ್ತದೆ ಎಂದು ಮೊಬೈಲಿನಲ್ಲಿ ಬರುವುದು ಸುಳ್ಳು. ಅದರಿಂದ ಜೀವ ಉಳಿಸಲು ಇರುವ ಕೆಲವೇ ನಿಮಿಷವೂ ಕಳೆದುಹೋಗುತ್ತದೆ. ಉಸಿರಾಟ ಇಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಊದಬೇಕು, ಎದೆಯ ನಡುವೆ ಒತ್ತಬೇಕು, 108 ಬರುವವರೆಗೆ ನಿಲ್ಲಿಸಬಾರದು. ಓದಿದರೆ ಇದು ಬರುವುದಿಲ್ಲ, ಕೈಯಲ್ಲಿ ಮಾಡಿ ಕಲಿಯಬೇಕು. ಅದಕ್ಕೇ ಶನಿವಾರದ ಸಭೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರನ್ನು ಕರೆದಿದ್ದೇವೆ.

ಇನ್ನು ಶಾಲೆಗೆ ಬಾರದ ಪುಟ್ಟ ಮಕ್ಕಳು. 2021ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರಲ್ಲಿ ಹತ್ತಿರ ಹತ್ತಿರ ನಾಲ್ಕರಲ್ಲಿ ಒಬ್ಬರು 5 ವರ್ಷದೊಳಗಿನ ಮಕ್ಕಳು. ಅವರಿಗೆ ಕೆರೆಯೇ ಬೇಕೆಂದಿಲ್ಲ. ಅರ್ಧ ಬಕೆಟ್ ನೀರು, ಮುಚ್ಚಳವಿಲ್ಲದ ಸಂಪು, ಹಸುವಿನ ಬಾನಿ ಸಾಕು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಬಹಳಷ್ಟು ಮನೆಗಳ ಹತ್ತಿರವೇ ಕೊಳ ಇರುತ್ತದೆ. ಅಲ್ಲಿ ಹೆಚ್ಚು ಮಕ್ಕಳು ಮುಳುಗುತ್ತಿದ್ದುದು ಬೆಳಗಿನಿಂದ ಮಧ್ಯಾಹ್ನದವರೆಗೆ, ಅಂದರೆ ಅಮ್ಮ ಅಡುಗೆ ಕೆಲಸದಲ್ಲಿ, ಅಪ್ಪ ಹೊಲದಲ್ಲಿ ಇರುವ ಹೊತ್ತಿನಲ್ಲಿ. ಆ ಕೆಲವು ಗಂಟೆ ಊರಿನ ಪುಟ್ಟ ಮಕ್ಕಳನ್ನು ಒಬ್ಬಾಕೆಯ ಮನೆಯಲ್ಲಿ ಕೂರಿಸಿ ನೋಡಿಕೊಂಡರು. ಸಾವು ಬಹಳ ಕಡಿಮೆಯಾಯಿತು. ಹಾಡು, ಆಟ, ಕಣ್ಣಿಟ್ಟು ಕಾಯುವ ಒಬ್ಬ ಹೆಂಗಸು, ಇಷ್ಟೇ. ನಮ್ಮಲ್ಲೂ 2023ರಿಂದ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ಎಂಬ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳು ಶುರುವಾಗಿವೆ. ಕೆಲಸಕ್ಕೆ ಹೋಗುವ ತಾಯಂದಿರು ದಯವಿಟ್ಟು ಅದನ್ನು ಬಳಸಿಕೊಳ್ಳಿ. ದೊಡ್ಡ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯ ಇದೆ.

ನಮ್ಮದೇ ತಪ್ಪೊಂದನ್ನು ಹೇಳಬೇಕು. ಎರಡು ವರ್ಷದ ಹಿಂದೆ ಬಿಸಿಯೂಟದ ಹೊತ್ತಿನಲ್ಲಿ, ಒಲೆಯಿಂದ ಈಗಷ್ಟೇ ಇಳಿಸಿದ ಸಾಂಬಾರಿನ ಪಾತ್ರೆಯನ್ನು ಜಗಲಿಯ ಮೇಲೆ ಇಟ್ಟಿದ್ದರು. ಒಂದನೇ ತರಗತಿಯ ಮಗು ಮುಟ್ಟಾಟದಲ್ಲಿ ಹಿಂದೆ ನೋಡುತ್ತಾ ಓಡಿಬಂತು. ಅಡುಗೆಯಮ್ಮ ಲಂಗ ಹಿಡಿದು ಎಳೆದರು. ಸಾಂಬಾರು ಚೆಲ್ಲಿದ್ದು ಕಾಲಿನ ಎರಡು ಬೆರಳಿಗೆ ಮಾತ್ರ. ಅಲ್ಲಿದ್ದ ನಾವು ನಾಲ್ಕು ಶಿಕ್ಷಕರಲ್ಲಿ ಆ ಪಾತ್ರೆಯ ಮೇಲೆ ಕಣ್ಣಿಡಬೇಕಾದವರು ಯಾರು? ಯಾರೆಂದು ನಾನು ಹೇಳಿರಲಿಲ್ಲ. ಅದು ನನ್ನ ತಪ್ಪು. ಈಗ ಜಗಲಿಯ ಮೇಲೆ ಕೆಂಪು ಗೆರೆ ಇದೆ, ಮಕ್ಕಳು ಅದನ್ನು ದಾಟುವುದಿಲ್ಲ. ಅವತ್ತಿನ ಸರದಿ ಯಾರದೆಂದು ಕರಿಹಲಗೆಯ ಮೂಲೆಯಲ್ಲಿ ಹೆಸರು ಬರೆಯುತ್ತೇವೆ. ಸುಟ್ಟ ಜಾಗಕ್ಕೆ ಅವತ್ತು ಯಾರೋ ಪೇಸ್ಟ್ ತಂದರು, ಇನ್ಯಾರೋ ಅರಿಶಿನ. ಎರಡೂ ಬೇಡ. ತಣ್ಣೀರು ಸುರಿಯುತ್ತಾ 20 ನಿಮಿಷ ಬಿಡಬೇಕು. ಆಮೇಲೆ ಡಾಕ್ಟರು.

ಇನ್ನೆರಡು ವಿಷಯ ಬೇಗ ಹೇಳಿಬಿಡುತ್ತೇನೆ. ಸೀಮೆಎಣ್ಣೆ, ಕಳೆನಾಶಕ, ಆಸಿಡ್ ಇವನ್ನು ನೀರಿನ ಬಾಟಲಿಗೆ ತುಂಬಿಡಬೇಡಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಓಡಿ. ತೆಂಗಿನ ಗರಿ, ಮಟ್ಟೆಯ ರಾಶಿಯಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಬೇಡ. ಮಗುವನ್ನು ನಡೆಸದೆ, ಎತ್ತಿಕೊಂಡು ತಾಲ್ಲೂಕು ಆಸ್ಪತ್ರೆಗೆ ಒಯ್ಯಿರಿ.

ಬೈಕಿನ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮ ಏಳನೇ ತರಗತಿಯ ಹುಡುಗರು ಡೈರಿಗೆ ಹಾಲು ಹಾಕಲು ಟಿವಿಎಸ್ ಓಡಿಸುವುದನ್ನು ನೋಡಿದ್ದೇನೆ. ಹದಿನೆಂಟು ತುಂಬದವರ ಕೈಗೆ ಗಾಡಿ ಕೊಟ್ಟು ಅಪರಾಧವಾದರೆ, 2019ರ ತಿದ್ದುಪಡಿ ಪ್ರಕಾರ ಅಪ್ಪನಿಗೋ ಗಾಡಿಯ ಮಾಲೀಕರಿಗೋ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ದಂಡದ ಮಾತು ಬಿಡಿ. ಆ ಹುಡುಗನ ಕಾಲು ನೆಲಕ್ಕೆ ಎಟುಕುವುದಿಲ್ಲ.

ಮಕ್ಕಳಿಗೆ ನಿಯಮ ಹೇಳುವಾಗ ಸುಮ್ನೆ "ಹುಷಾರು" ಅನ್ನಬೇಡಿ. ಹುಷಾರು ಎಂದರೆ ಏನು ಮಾಡಬೇಕೆಂದು ಮಗುವಿಗೆ ಗೊತ್ತಾಗುವುದಿಲ್ಲ. "ದೊಡ್ಡವರು ಜೊತೆಗಿಲ್ಲದೆ ಹೊಂಡದ ಬೇಲಿ ದಾಟಬಾರದು" ಎಂದರೆ ಗೊತ್ತಾಗುತ್ತದೆ. ಮತ್ತೆ, ತಪ್ಪು ಒಪ್ಪಿಕೊಂಡು ಬಂದ ಮಗುವನ್ನು ಹೊಡೆಯಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ. ಜೊತೆಗಾರ ಮುಳುಗಿದ ಮೇಲೆ, ಮನೆಯಲ್ಲಿ ಏಟು ಬೀಳುತ್ತದೆ ಎಂಬ ಹೆದರಿಕೆಗೆ ಬಟ್ಟೆ ಹಾಕಿಕೊಂಡು ಮನೆಗೆ ಬಂದು, ಸಂಜೆಯವರೆಗೆ ಬಾಯಿ ಬಿಡದ ಮಕ್ಕಳಿದ್ದಾರೆ. "ಏನೇ ಆದರೂ ಓಡಿಬಂದು ಹೇಳು, ನಾನು ಬೈಯಲ್ಲ" ಎಂದು ಇವತ್ತೇ ರಾತ್ರಿ ಊಟದ ಹೊತ್ತಿಗೆ ಹೇಳಿ.

ಈ ಪತ್ರದ ಜೊತೆ ಒಂದು ಚೀಟಿ ಇದೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂದು ಮೂರು ಸಾಲು. ಪ್ರತಿ ಸಾಲಿನ ಮುಂದೆ ಆ ಹೊತ್ತಿಗೆ ಮಗುವನ್ನು ನೋಡಿಕೊಳ್ಳುವ ಒಬ್ಬ ದೊಡ್ಡವರ ಹೆಸರು ಬರೆಯಿರಿ. ಒಬ್ಬರದೇ ಹೆಸರು, ಅವರನ್ನು ಕೇಳಿ ಬರೆಯಿರಿ. ಅಣ್ಣ, ಅಕ್ಕ ಎಂದು ಬರೆಯುವುದಾದರೆ ಅವರಿಗೆ ಹದಿನೆಂಟು ತುಂಬಿರಲಿ. ಚೀಟಿಯನ್ನು ನನಗೆ ವಾಪಸ್ ಕೊಡಬೇಡಿ. ಮನೆಯಲ್ಲಿ ಕ್ಯಾಲೆಂಡರಿನ ಪಕ್ಕ ಅಂಟಿಸಿ. ಯಾವುದಾದರೂ ಸಾಲಿಗೆ ಹೆಸರು ಸಿಗದಿದ್ದರೆ ಸಂಕೋಚ ಬೇಡ, ಬಂದು ಹೇಳಿ. ಆ ಹೊತ್ತಿಗೆ ಏನು ಮಾಡಬಹುದೆಂದು ನಾವೆಲ್ಲ ಕೂತು ಯೋಚಿಸೋಣ.

ಸಭೆ ಈ ಶನಿವಾರ ಬೆಳಗ್ಗೆ ಹತ್ತಕ್ಕೆ, ಶಾಲೆಯ ಅಂಗಳದಲ್ಲಿ. ತೋಟದಲ್ಲಿ ಹೊಂಡ ಇರುವವರು ಮೂವತ್ತು ಅಡಿ ಹಗ್ಗ ತನ್ನಿ. ಸಭೆ ಮುಗಿದ ಮೇಲೆ ಒಂದೊಂದೇ ಹೊಂಡಕ್ಕೆ ಎಲ್ಲರೂ ಹೋಗಿ ಕಟ್ಟಿಬರೋಣ. ಗಂಟು ಹಾಕುವುದನ್ನು ಅಧ್ಯಕ್ಷರು ತೋರಿಸುತ್ತಾರೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ