ಮಗಳಿಗೊಂದು ಪತ್ರ: ಕರಿಬೇವು ಎಲೆ ಉದುರಿಸಿದ್ದಕ್ಕೆ

ಮಧುಗಿರಿ,
ಡಿಸೆಂಬರ್

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಸೊಗಡವರೆ ಬಂದಿದೆ. ನಿಮ್ಮಮ್ಮ ಹಿತಕವರೆ ಸಾರು ಮಾಡಿದಾಗೆಲ್ಲ ನಿನ್ನ ಹೆಸರು ಬರುತ್ತೆ, ಆಮೇಲೆ ನನ್ನ ಮೇಲೆ ರೇಗುತ್ತಾಳೆ, ಅಷ್ಟು ದೂರ ಕಳಿಸಿದವನು ನಾನೇ ಅಂತ.

ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅಲ್ಲೇ ಉತ್ತರ ಹೇಳಲಿಲ್ಲ. ನಾರ್ವೆಯ ನಿನ್ನ ಟ್ರೊಮ್ಸೊದಲ್ಲಿ ಆ ಜಾಫ್ನಾದವರು ಕೊಟ್ಟ ಕರಿಬೇವಿನ ಗಿಡ ಎಲೆ ಹಳದಿ ಮಾಡಿಕೊಂಡು ಉದುರಿಸ್ತಿದೆ, ರೂಮಿನಲ್ಲಿ ಹೀಟರ್ ಇದೆ, ದಿನಾ ನೀರು ಹಾಕ್ತೀನಿ, ಇನ್ನೇನು ಬೇಕಂತೆ ಅದಕ್ಕೆ ಅಂದೆ. ನರ್ಸರಿಯವನ ಮಗಳು ನೀನು. ಗಿಡಕ್ಕೆ ಏನೇನು ಕೊಟ್ಟಿದ್ದೀಯ ಅಂತ ಲೆಕ್ಕ ಹಾಕಬೇಡ, ಏನು ಸಾಲದು ಅಂತ ನೋಡು. ಒಂದು ಊರಿನ ಗಿಡ ಕುಳ್ಳಗಿದೆಯೋ, ಮುಳ್ಳು ಬಿಟ್ಟಿದೆಯೋ, ಬೋಳಾಗಿದೆಯೋ, ಎಲ್ಲವೂ ಆ ಊರಿನ ಕೊರತೆಯಿಂದಲೇ ಬಂದದ್ದು.

ಆಗಸ್ಟಿನಲ್ಲಿ ಉತ್ತರ ಧ್ರುವದ ಕಡೆಯ ಆ ಸ್ವಾಲ್ಬಾರ್ಡ್ ದ್ವೀಪಗಳಿಂದ ಒಂದು ಫೋಟೋ ಕಳಿಸಿದ್ದೆಯಲ್ಲ, ಬೂಟಿನ ಪಕ್ಕದಲ್ಲಿ ಎರಡು ಬೆರಳೆತ್ತರದ ವಿಲ್ಲೋ, ಪೂರ್ತಿ ಬೆಳೆದ ಗಿಡ. ನಾನು ಗಿಡಕ್ಕಿಂತ ಬೂಟನ್ನೇ ಹೆಚ್ಚು ನೋಡಿದೆ, ಕಣಕಾಲಿನವರೆಗೂ ಕೆಸರು. ಅಲ್ಲಿ ವರ್ಷಕ್ಕೆ ಬೀಳೋದು ಮಳೆ, ಹಿಮ ಎಲ್ಲ ಸೇರಿ 200 ಮಿಲಿಮೀಟರ್ ಆಸುಪಾಸು. ನಮ್ಮ ಪಾವಗಡಕ್ಕೆ ಅದರ ಎರಡರಷ್ಟಕ್ಕೂ ಹೆಚ್ಚು ಬೀಳುತ್ತೆ, ಆದರೂ ಅದು ಬರದ ತಾಲ್ಲೂಕು. ಸ್ವಾಲ್ಬಾರ್ಡ್‌ನಲ್ಲಿ ಬಿದ್ದ ನೀರು ಆವಿಯಾಗೋಕೆ ಬಿಸಿಲಿನ ಕಾವು ಸಾಲದು, ಇಂಗೋಣ ಅಂದರೆ ಕೆಳಗೆ ವರ್ಷಪೂರ್ತಿ ಹೆಪ್ಪುಗಟ್ಟಿದ ನೆಲ. ಬೇಸಿಗೆಯಲ್ಲಿ ಕರಗೋದು ಮೇಲಿನ ಒಂದೆರಡು ಮೀಟರ್ ಮಾತ್ರ. ನೀರು ಕಾಲಡಿಯಲ್ಲೇ ನಿಂತಿರುತ್ತೆ, ಬೇರು ಆಳಕ್ಕೆ ಇಳಿಯೋ ಹಾಗಿಲ್ಲ. ಅಲ್ಲಿ ಸಾಲದಿರೋದು ಕಾವು. ನೆಲಕ್ಕೆ ಅಂಟಿಕೊಂಡಿದ್ದರೆ ಗಾಳಿ ತಪ್ಪುತ್ತೆ, ಬಿಸಿಲಿಗೆ ಮಣ್ಣು ಕಾದಷ್ಟು ಕಾವು ಸಿಗುತ್ತೆ, ಚಳಿಗಾಲಕ್ಕೆ ಹಿಮದ ಹೊದಿಕೆಯೂ ಸಿಗುತ್ತೆ. ತಲೆ ಎತ್ತಿದ ರೆಂಬೆ ಗಾಳಿಗೆ ಒಣಗಿ ಸಾಯುತ್ತೆ.

ಈಗ ನಮ್ಮ ಕಮರದ ಮರ ನೋಡು. ಬುಕ್ಕಾಪಟ್ಟಣದ ಕಾಡಿನಲ್ಲಿ ತೋರಿಸಿದ್ದೆ, ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ ಜೋಡಿ ಎಲೆ. ನರ್ಸರಿಯಲ್ಲಿ ಅದರಷ್ಟು ಕಾಟ ಕೊಡೋ ಸಸಿ ಇಲ್ಲ. ಮೇಲೆ ಗೇಣುದ್ದ ಬೆಳೆಯೋದರೊಳಗೆ ತಾಯಿಬೇರು ಕವರಿನ ತಳ ತೂತು ಮಾಡಿ ನೆಲಕ್ಕೆ ಇಳಿದಿರುತ್ತೆ. ಆಗಾಗ ಎತ್ತಿ ಜಾಗ ಬದಲಾಯಿಸದಿದ್ದರೆ ಮಳೆಗಾಲಕ್ಕೆ ಸಾಗಿಸುವಾಗ ಬೇರು ಹರಿದು ಸಸಿ ಹೋಯಿತು ಅಂತಲೇ. ಕಾವಿಗೆ ಇಲ್ಲಿ ಬರವಿಲ್ಲ, ನೀರಿಗೆ ಇದೆ. ಅದಕ್ಕೇ ಮೊದಲ ವರ್ಷಗಳ ದುಡಿಮೆಯೆಲ್ಲ ಬೇರಿಗೆ.

ಇನ್ನೊಂದು ಹೇಳ್ತೀನಿ, ನನಗೆ ಬಹಳ ಇಷ್ಟವಾದದ್ದು. ಸೈಬೀರಿಯಾದ ಯಾಕುಟ್ಸ್ಕ್ ಸೀಮೆಗೆ ವರ್ಷಕ್ಕೆ 250 ಮಿಲಿಮೀಟರೂ ಬೀಳಲ್ಲ, ಆದರೂ ಅಲ್ಲಿ ಸೂಜಿ ಎಲೆಯ ಲಾರ್ಚ್ ಮರಗಳ ದಟ್ಟ ಕಾಡಿದೆ. ನಮ್ಮಲ್ಲಿ ಅಷ್ಟೇ ಮಳೆಯಾದರೆ ಜಾಲಿಯೂ ನರಳುತ್ತೆ. ಅಲ್ಲಿ ಅಡಿಯ ಹೆಪ್ಪುನೆಲ ನೀರನ್ನು ಕೆಳಗೆ ಬಿಟ್ಟುಕೊಡೋದೇ ಇಲ್ಲ, ಬೇಸಿಗೆಯಲ್ಲಿ ಕರಗಿದಷ್ಟನ್ನೂ ಬೇರು ಹೀರುತ್ತೆ. ಸಾವಿರ ಅಡಿ ಬೋರ್ ಕೊರೆಸಿ ದೂಳು ಕಂಡ ನಮ್ಮ ಕಡೆಯವರಿಗೆ ಇದನ್ನ ಹೇಳಿದರೆ ನಗ್ತಾರೆ.

ನಿನ್ನ ಹೈಸ್ಕೂಲಿನ ಭೂಗೋಳದಲ್ಲಿ ಪಟ್ಟೆ ಪಟ್ಟೆ ನಕ್ಷೆ ಇತ್ತಲ್ಲ, ಸಮಭಾಜಕಕ್ಕೆ ಮಳೆಕಾಡು, ಮೇಲೆ ಹುಲ್ಲುಗಾವಲು, ಮರುಭೂಮಿ, ಎಲೆ ಉದುರೋ ಕಾಡು, ಸೂಚಿಪರ್ಣ, ಕೊನೆಗೆ ಟಂಡ್ರಾ. ಪರೀಕ್ಷೆಗೆ ಚೆನ್ನ, ನಂಬೋಕೆ ಅಲ್ಲ. ಆಗುಂಬೆಯೂ ನಾವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶ. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತೆ, ನಿತ್ಯಹರಿದ್ವರ್ಣದ ಕಾಡು. ಘಟ್ಟ ಮುಂಗಾರನ್ನ ಅಲ್ಲೇ ಹಿಂಡಿಕೊಂಡು ನಮಗೆ ಉಳಿದದ್ದನ್ನ ಕಳಿಸುತ್ತೆ. ನಿನ್ನ ಊರೂ ಅಷ್ಟೆ. 69 ಡಿಗ್ರಿ ಉತ್ತರದಲ್ಲಿ ಬರ್ಚ್ ಕಾಡು ನಿಂತಿರೋದು ಬೆಚ್ಚನೆ ಸಮುದ್ರದ ದಯೆಯಿಂದ. ಅದೇ ಅಕ್ಷಾಂಶದ ಗ್ರೀನ್‌ಲ್ಯಾಂಡ್ ಕರಾವಳಿಯಲ್ಲಿ ಕಾಡಿಲ್ಲ. ಹವಾಗುಣ ವಿಜ್ಞಾನಿ ವ್ಲಾಡಿಮಿರ್ ಕ್ಯೋಪೆನ್ ವಿದ್ಯಾರ್ಥಿಯಾಗಿದ್ದಾಗ ಕ್ರಿಮಿಯಾದಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಓಡಾಡುತ್ತಾ ದಾರಿಯುದ್ದಕ್ಕೂ ಗಿಡಮರ ಬದಲಾಗೋದನ್ನ ಗಮನಿಸಿದವನು. ಮುಂದೆ 1900ರಲ್ಲಿ ಹವಾಗುಣಗಳನ್ನು ವಿಂಗಡಿಸುವಾಗ ಗಿಡಗಳನ್ನೇ ಸಾಕ್ಷಿಗೆ ಕರೆದ. ಅತಿ ಬೆಚ್ಚನೆಯ ತಿಂಗಳ ಸರಾಸರಿಯೂ 10 ಡಿಗ್ರಿ ಮುಟ್ಟದಿದ್ದರೆ ಅಲ್ಲಿ ಕಾಡು ನಿಲ್ಲೋದಿಲ್ಲ ಅನ್ನೋ ಗಡಿ ಈಗಲೂ ಬಳಕೆಯಲ್ಲಿದೆ.

ನಿನ್ನ ಕಿಟಕಿಯಾಚೆಯ ಬರ್ಚ್ ಮರಗಳು ಬೋಳಾಗಿರೋದು ಚಳಿಗೆ ಅಂತ ನೀನು ಅಂದೆ. ಬರೀ ಚಳಿಗೆ ಅಲ್ಲ ಕಣಮ್ಮ, ಬಾಯಾರಿಕೆಗೂ ಹೌದು. ಮಣ್ಣಿನ ನೀರು ಹೆಪ್ಪುಗಟ್ಟಿದರೆ ಬೇರು ಕುಡಿಯೋದು ಹೇಗೆ? ಎಲೆ ಇದ್ದರೆ ಇದ್ದಬದ್ದ ನೀರೂ ಹೋಗುತ್ತೆ. ಇನ್ನೆರಡು ತಿಂಗಳಿಗೆ ದೇವರಾಯನದುರ್ಗದ ದಿಂಡಿಗದ ಮರಗಳೂ ಬೋಳಾಗುತ್ತವೆ, ಸುಡೋ ಬಿಸಿಲಿನಲ್ಲಿ, ಅದೇ ಬಾಯಾರಿಕೆಗೆ. ಎಲೆ ಉದುರಿಸದ ಗಿಡಮರಗಳಿಗೆ ಇಲ್ಲೂ ಅಲ್ಲೂ ಉಪಾಯ ಒಂದೇ, ಎಲೆಗೆ ಲೇಪ. ಅಲ್ಲಿನ ಸ್ಪ್ರೂಸ್ ಸೂಜಿಗೆ ಮೇಣ, ನಮ್ಮ ಗುಡ್ಡದ ಬಂದರೆ ಗಿಡಕ್ಕೆ ಬೆರಳಿಗೆ ಹತ್ತೋ ಅಂಟು.

ಎರಡು ಕಡೆಯೂ ಯಾವ ತಕರಾರೂ ಇಲ್ಲದೆ ಬದುಕೋದು ಕಲ್ಲುಹೂವು. ನಿಮ್ಮಮ್ಮ ಮಸಾಲೆಗೆ ಹುರಿಯೋದು ಗಿಡವೇ ಅಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ಮಾಡಿಕೊಂಡ ಸಂಸಾರ. ಒಣಗಿದರೆ ಸುಮ್ಮನಿರುತ್ತೆ, ಒದ್ದೆಯಾದರೆ ಮತ್ತೆ ಶುರು. ನಿಮ್ಮಲ್ಲಿ ಹಿಮಸಾರಂಗಗಳು ಚಳಿಗಾಲ ಕಳೆಯೋದು ಹಿಮ ಕೆರೆದು ಅದರ ದಾಯಾದಿಗಳನ್ನ ಮೇಯ್ದು.

ಈಗ ನಿನ್ನ ಕರಿಬೇವು. ನಮ್ಮಲ್ಲಿ ಡಿಸೆಂಬರಿನಲ್ಲೂ ಹನ್ನೊಂದು ಗಂಟೆ ಮೀರಿ ಬೆಳಕಿರುತ್ತೆ. ನಿನ್ನಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಮೇಲೇಳೋದೇ ಇಲ್ಲ. ನೀನು ಕಾವು ಕೊಟ್ಟೆ, ನೀರು ಕೊಟ್ಟೆ, ಬೆಳಕು ಎಲ್ಲಿ? ಬೆಳಕಿಲ್ಲದೆ ಅಡುಗೆ ಮಾಡಿಕೊಳ್ಳಲಾಗದ ಗಿಡಕ್ಕೆ ದಿನಾ ನೀರು ಹಾಕಿದರೆ ಬೇರು ಕೊಳೆಯುತ್ತೆ. ಕಿಟಕಿಯ ಗಾಜಿನಿಂದ ದೂರ ಇಡು, ಅಲ್ಲಿ ಥಂಡಿ. ಗಿಡ ಬೆಳೆಸೋ ಎಲ್‌ಇಡಿ ದೀಪ ಒಂದು ತಂದು ಹತ್ತಿರಕ್ಕೆ ತೂಗುಹಾಕು, ದಿನಕ್ಕೆ ಹನ್ನೆರಡು ಗಂಟೆ ಉರಿಯಲಿ. ಮಣ್ಣಿಗೆ ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ನೀರು. ಗೊಬ್ಬರ ಈಗ ಬೇಡವೇ ಬೇಡ. ಕಾಂಡ ಉಗುರಿನಲ್ಲಿ ಕೆರೆದಾಗ ಒಳಗೆ ಹಸಿರು ಕಂಡರೆ ಗಿಡ ಬದುಕಿದೆ, ಕಂದು ಕಂಡರೆ ಅಲ್ಲಿಯವರೆಗೂ ಕತ್ತರಿಸಿಬಿಡು. ಭಾನುವಾರ ಫೋನ್ ಮಾಡಿದಾಗ ಯಾವ ಬಣ್ಣ ಅಂತ ಹೇಳು.

ನಿನ್ನ ಅಪ್ಪ