ಮಗಳಿಗೊಂದು ಪತ್ರ: ಬಾಕಿ ಅಧ್ಯಾಯಗಳನ್ನು ಬಿಟ್ಟುಬಿಡು

ಜೆಪ್ಪು, ಮಂಗಳೂರು
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲೇ ಉಂಟು. "ಅಮ್ಮಾ, ಜನವರಿಯಲ್ಲಿ ಶುರು ಮಾಡಿದ ಬೈಬಲ್ ಓದು ಯಾಜಕಕಾಂಡದಲ್ಲಿ ನಿಂತುಹೋಯಿತು. ಈಗ ನಾನೂರಕ್ಕಿಂತ ಜಾಸ್ತಿ ಅಧ್ಯಾಯ ಬಾಕಿ. ಸತ್ಯವೇದ ನೋಡಿದರೇ ನಾಚಿಕೆ ಆಗುತ್ತದೆ" ಅಂದೆ. ಈ ಜೂನ್ ಮಳೆಯ ಶಬ್ದದಲ್ಲಿ ನಿನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಬಾಕಿಯನ್ನು ಬಿಟ್ಟುಬಿಡು. ಪೂರ್ತಿ ಬಿಡು. ವಿಮೋಚನಕಾಂಡ 16ನೇ ಅಧ್ಯಾಯ ನೀನು ಓದಿಯಾಗಿದೆ, ಅಲ್ವಾ? ಅರಣ್ಯದಲ್ಲಿ ದೇವರು ಜನರಿಗೆ ಕೊಟ್ಟ ಆಹಾರ, ಆ ಮನ್ನವನ್ನು ಅವತ್ತವತ್ತಿಗೆ ಬೇಕಾದಷ್ಟೇ ಹೆಕ್ಕಬೇಕಿತ್ತು. ನಾಳೆಗೆ ಇರಲಿ ಎಂದು ಇಟ್ಟದ್ದಕ್ಕೆ ಹುಳ ಬಿತ್ತು. ನಿನ್ನೆ ಹೆಕ್ಕದವನು ಇವತ್ತು ಎರಡು ದಿನದ್ದು ಹೆಕ್ಕಲಿ ಅಂತ ಅಲ್ಲಿ ಎಲ್ಲೂ ಬರೆದಿಲ್ಲ. ಸಬ್ಬತ್ ಎಂಬ ವಿಶ್ರಾಂತಿಯ ದಿನ ಒಂದು ಬಿಟ್ಟರೆ, ಬೆಳಗಾದರೆ ಅವತ್ತಿನದ್ದು ನೆಲದ ಮೇಲೆ ಇರುತ್ತಿತ್ತು, ಅಷ್ಟೇ. ನೀನೂ ಹಾಗೇ ಮಾಡು. ಬಿಟ್ಟುಹೋದ ದಿನ ಹೋಯಿತು. ಇವತ್ತಿನದ್ದು ಓದು.

ಒಂದು ವರ್ಷದಲ್ಲಿ ಮುಗಿಸುವ ಲೆಕ್ಕ ನನಗೆ ಗೊತ್ತು. ಒಟ್ಟು 66 ಪುಸ್ತಕ, 1,189 ಅಧ್ಯಾಯ. ವಾರದ ದಿನ ಮೂರು, ಭಾನುವಾರ ಐದು ಓದಿದರೆ ವರ್ಷದೊಳಗೆ ಮುಗಿಯುತ್ತದೆ. ಮದುವೆಗೆ ಮುಂಚೆ ನಾನು ಹಾಗೆ ಓದಿ ಮುಗಿಸಿದ್ದೆ. ಬಸ್ಸು ತಪ್ಪುತ್ತದೆ ಎಂದು ಓಡಿದ ಹಾಗೆ ಓದಿದ್ದು. ಡಿಸೆಂಬರ್ ಬಂದಾಗ ಖುಷಿಯಾಯಿತು, ಆದರೆ ಮನಸ್ಸಿನಲ್ಲಿ ನಿಂತದ್ದು ಕಡಿಮೆ. ಆಮೇಲೆ ದಿನಕ್ಕೊಂದೇ ಅಧ್ಯಾಯ ಓದಿದೆ. ಮೂರು ವರ್ಷ ದಾಟಿತು. ಈಗ ನನಗೆ ಗೊತ್ತಿರುವುದೆಲ್ಲ ಆ ನಿಧಾನದ ಓದಿನಿಂದ ಬಂದದ್ದು.

ನೀನು ಈಗ ಮಾರ್ಕನ ಸುವಾರ್ತೆಯಿಂದ ಶುರು ಮಾಡು. ಬರೀ 16 ಅಧ್ಯಾಯ. ಮೊದಲ ಅಧ್ಯಾಯವೇ ನಿನ್ನಂಥ ನರ್ಸ್‌ಗೆ ಬರೆದ ಹಾಗಿದೆ. ಸಂಜೆ ಹೊತ್ತು ಮುಳುಗಿದ ಮೇಲೆ ಊರಿನ ರೋಗಿಗಳೆಲ್ಲ ಬಾಗಿಲ ಮುಂದೆ ಸೇರಿದ್ದಾರೆ. ಯೇಸು ಎಷ್ಟೋ ಜನರನ್ನು ವಾಸಿ ಮಾಡುತ್ತಾನೆ. ಮರುದಿನ ಇನ್ನೂ ಕತ್ತಲೆ ಇರುವಾಗಲೇ ಎದ್ದು, ಯಾರೂ ಇಲ್ಲದ ಕಡೆಗೆ ಹೋಗಿ ಪ್ರಾರ್ಥನೆ ಮಾಡುತ್ತಾನೆ. ಹಿಂದಿನ ಸಂಜೆ ಅಷ್ಟು ಕೆಲಸ ಇದ್ದದ್ದಕ್ಕೇ ಅವನಿಗೆ ಆ ಬೆಳಗ್ಗಿನ ಹೊತ್ತು ಬೇಕಾಯಿತು ಎಂದು ನನಗೆ ಅನಿಸುತ್ತದೆ. ವಾರ್ಡಿನಲ್ಲಿ ಓಡಾಡಿ ಬಂದ ನಿನಗೆ ಇದು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಮಾರ್ಕ ಮುಗಿದ ಮೇಲೆ ಸತ್ಯವೇದದ ಎರಡನೇ ಭಾಗ, ಹೊಸ ಒಡಂಬಡಿಕೆ, ಪೂರ್ತಿ ಓದು. 260 ಅಧ್ಯಾಯ ಉಂಟು. ವಾರಕ್ಕೆ ಐದು ದಿನ, ದಿನಕ್ಕೆ ಒಂದು ಎಂದರೆ ಸರಿಯಾಗಿ 52 ವಾರ. ಉಳಿದ ಎರಡು ದಿನ ನಿನ್ನ ಕೈಯಲ್ಲಿ ಇರುತ್ತವೆ. ತಪ್ಪಿದ್ದನ್ನು ಆಗ ಓದಿಕೊಳ್ಳಬಹುದು. ತಪ್ಪಿಲ್ಲದಿದ್ದರೆ ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ ಓದು.

ಹೊತ್ತಿನ ವಿಷಯ. ಬೆಳಿಗ್ಗೆ ಐದಕ್ಕೆ ಏಳು ಅಂತ ನಿನಗೆ ಹೇಳಿದರೆ ಅದು ಅನ್ಯಾಯ. ಈ ವಾರ ಬೆಳಗ್ಗಿನ ಡ್ಯೂಟಿ, ಮುಂದಿನ ವಾರ ನೈಟ್ ಡ್ಯೂಟಿ. ನಿನ್ನ ಅಜ್ಜಿ ಮಾಡುತ್ತಿದ್ದದ್ದನ್ನು ನೆನಪಿಸಿಕೋ. ಅವರು ದಿನವಿಡೀ ಬೀಡಿ ಕಟ್ಟುತ್ತಿದ್ದರು. ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಹೋಗಿ ಬೀಡಿ ಕೊಟ್ಟು ಬಂದು, ಕೈಕಾಲು ತೊಳೆದು, ಚಿಮಿಣಿ ದೀಪದ ಹತ್ತಿರ ಕೂತರೆ ನಾನು ಓದಲು ಶುರು ಮಾಡಬೇಕು. ಅವರಿಗೆ ಅಕ್ಷರ ಅಷ್ಟಾಗಿ ಬರುತ್ತಿರಲಿಲ್ಲ. ಎಷ್ಟು ಗಂಟೆ ಅಂತ ಯಾರೂ ನೋಡುತ್ತಿರಲಿಲ್ಲ. ಬ್ರಾಂಚಿನಲ್ಲಿ ಒಂದು ದಿನ ಬೇಗ ಆಗುತ್ತಿತ್ತು, ಒಂದು ದಿನ ತಡ. ಕೈಕಾಲು ತೊಳೆದಾಯಿತು ಎಂದರೆ ಓದು, ಊಟ ಆಮೇಲೆ. ಕೇಳಿ ಕೇಳಿಯೇ ಅವರಿಗೆ ಎಷ್ಟೋ ಕೀರ್ತನೆ ಬಾಯಿಪಾಠ ಆಗಿತ್ತು. ನಾನು ಒಂದು ಸಾಲು ಹಾರಿಸಿದರೆ ಅಲ್ಲೇ ಹಿಡಿಯುತ್ತಿದ್ದರು.

ಹಾಗಾಗಿ ನೀನೂ ಓದನ್ನು ಗಂಟೆಗೆ ಕಟ್ಟಬೇಡ, ದಿನಾ ಮಾಡುವ ಒಂದು ಕೆಲಸಕ್ಕೆ ಕಟ್ಟು. ಡ್ಯೂಟಿಯಿಂದ ಬಂದು ಸ್ನಾನ ಮಾಡಿ ಚಹಾ ಮಾಡಿಕೊಳ್ಳುತ್ತೀಯಲ್ಲ, ಆ ಚಹಾದ ಜೊತೆಗೆ ಓದು. ಬೆಳಿಗ್ಗೆ ಆದರೂ ಸರಿ, ರಾತ್ರಿ ಆದರೂ ಸರಿ. ಹಾಸ್ಟೆಲಿನ ಅದೇ ಕುರ್ಚಿ ಇರಲಿ. ಪುಸ್ತಕ ಚಹಾ ಡಬ್ಬಿಯ ಪಕ್ಕದಲ್ಲೇ ಇರಲಿ. ಫೋನು ಮಾತ್ರ ಕೈಗೆ ಸಿಗದ ಹಾಗೆ ಇಡು. ಫೋನಿನಲ್ಲಿ ಸತ್ಯವೇದ ಓದಬಾರದು ಅಂತಲ್ಲ, ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಕೇಳು, ಒಳ್ಳೆಯದೇ. ಆದರೆ ಕೂತು ಓದುವಾಗ ಮೆಸೇಜು ಬಂದರೆ ಮನಸ್ಸು ಅದರ ಹಿಂದೆಯೇ ಹೋಗುತ್ತದೆ.

ಬಾಯಿಬಿಟ್ಟು ಓದು. ಒಂದು ಸಲ ಸುಮ್ನೆ ಓದಿ ಮುಗಿಸು, ಎರಡನೇ ಸಲ ನಿಧಾನಕ್ಕೆ. ಎಲ್ಲಿ ಮನಸ್ಸು ನಿಲ್ಲುತ್ತದೋ ಆ ಒಂದು ವಚನವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೋ, ಕನ್ನಡದಲ್ಲಿ, ಕೈಯಲ್ಲೇ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಬಲ್ಮಠದಲ್ಲಿ ಅಚ್ಚುಕೂಟ ಶುರುವಾದಾಗ ಅದು ಕಲ್ಲಚ್ಚು. ಅಚ್ಚಿನ ಮೊಳೆ ಜೋಡಿಸುವುದು ಆಮೇಲೆ ಬಂತು. 1847ರಲ್ಲಿ ತುಳುವಿನ ಹೊಸ ಒಡಂಬಡಿಕೆ ಹೊರಬಂದದ್ದೂ ಅಲ್ಲಿಂದಲೇ. ಕಲ್ಲಚ್ಚು ಎಂದರೆ ಪ್ರತಿ ಸಾಲನ್ನೂ ಮೊದಲು ಯಾರೋ ಕೈಯಾರೆ ಬರೆದಿರಬೇಕು. ಒಂದು ಅಕ್ಷರವನ್ನೂ ಅವಸರದಲ್ಲಿ ಬಿಡುವ ಹಾಗಿಲ್ಲ. ನಾನು ವಚನ ಬರೆಯುವಾಗ ಆ ಕೈಗಳನ್ನು ನೆನೆಯುತ್ತೇನೆ. ಓದುವಾಗ ಕಾಣದ ಮಾತು ಬರೆಯುವಾಗ ಕಾಣುತ್ತದೆ. ಬರೆದದ್ದನ್ನೇ ಎರಡು ಮಾತಿನ ಪ್ರಾರ್ಥನೆ ಮಾಡು. ಅಜ್ಜಿಯ ಹಾಗೆ ತುಳುವಿನಲ್ಲಿ ಮಾಡಿದರೂ ಆಯಿತು. ನಿನ್ನ ರೋಗಿಗಳ ಹೆಸರು ನೆನಪಿರದಿದ್ದರೆ ಬೆಡ್ ನಂಬರ್ ಹೇಳಿ ಪ್ರಾರ್ಥಿಸು. ಅದು ಯಾರೆಂದು ದೇವರಿಗೆ ಗೊತ್ತು.

ಯಾಜಕಕಾಂಡದ ಮೇಲೆ ಬೇಸರ ಬೇಡ. ಮುಂದೆ ಅದಕ್ಕೆ ವಾಪಸು ಹೋಗುವಾಗ 13ನೇ ಅಧ್ಯಾಯವನ್ನು ನರ್ಸ್ ಕಣ್ಣಿನಿಂದ ನೋಡು. ಚರ್ಮದ ಮೇಲೆ ಕಲೆ ಎದ್ದವನನ್ನು ಯಾಜಕ ಪರೀಕ್ಷಿಸಿ, ಸಂಶಯ ಇದ್ದರೆ ಏಳು ದಿನ ಬೇರೆ ಇಟ್ಟು, ಮತ್ತೆ ನೋಡಿ, ಇನ್ನೂ ಏಳು ದಿನ ಇಡುತ್ತಾನೆ. ಇದು ನಿನಗೆ ಗೊತ್ತಿರುವ ಕೆಲಸವೇ ಅಲ್ವಾ? ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಮಾತೂ ಇದೇ ಪುಸ್ತಕದ 19ನೇ ಅಧ್ಯಾಯದ್ದು.

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ನಿನ್ನ ಅಪ್ಪ ಆಸ್ಪತ್ರೆಯಲ್ಲಿದ್ದ ಕೊನೆಯ ಮೂರು ವಾರ ನಾನು ಒಂದು ಅಕ್ಷರವೂ ಓದಲಿಲ್ಲ. ಪುಸ್ತಕ ಚೀಲದಲ್ಲೇ ಇತ್ತು. ಪ್ರಾರ್ಥನೆಗೆ ಬಾಯಿ ಬರುತ್ತಿರಲಿಲ್ಲ. ಆಗ ನಮ್ಮ ಸಭೆಯ ಒಬ್ಬ ಅಕ್ಕ ದಿನಾ ಸಂಜೆ ಬಂದು, ಬೇರೇನೂ ಮಾತಾಡದೆ, ಒಂದು ಕೀರ್ತನೆ ಓದಿ ಹೋಗುತ್ತಿದ್ದರು. ಒಂದು ದಿನ 88ನೆಯದನ್ನು ಓದಿದರು. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸಮಾಧಾನದ ಮಾತೇ ಇಲ್ಲ. ಅವತ್ತು ನಾನು ಅತ್ತೆ. ಇಂಥ ಅಳುವಿಗೂ ಸತ್ಯವೇದದಲ್ಲಿ ಜಾಗ ಉಂಟಲ್ಲ ಅಂತ ಅನಿಸಿತು. ನಿನಗೂ ಓದಲಾಗದ ದಿನ ಬರುತ್ತದೆ. ಅಂಥ ದಿನಕ್ಕೆ ನಿನಗಾಗಿ ಓದುವ ಒಬ್ಬರನ್ನು ಈಗಲೇ ನೋಡಿಕೋ. ಹಾಸ್ಟೆಲಿನಲ್ಲಿ ಯಾರಾದರೂ ಇದ್ದರೆ ಕೇಳು. ಇಲ್ಲದಿದ್ದರೆ ನಾನಿದ್ದೇನೆ.

ಅಜ್ಜಿಯ ಸತ್ಯವೇದವನ್ನು ನಾಳೆ ಪಾರ್ಸೆಲ್ ಮಾಡುತ್ತೇನೆ. ಹಳೆಯ ಕನ್ನಡ ಅನುವಾದ, ಕೆಲವು ಮಾತು ಗಟ್ಟಿ ಅನಿಸಬಹುದು. ಪಕ್ಕದಲ್ಲಿ ಈಗಿನ ಸುಲಭ ಅನುವಾದ ಇಟ್ಟುಕೋ. ಗುರುತಿಗೆ ಅವರು ಇಡುತ್ತಿದ್ದ ಬೀಡಿ ನೂಲು ಇನ್ನೂ ಅದರೊಳಗೇ ಉಂಟು. 23ನೇ ಕೀರ್ತನೆಯಲ್ಲಿ ಇತ್ತು, ನಾನು ತೆಗೆದು ಮಾರ್ಕನ ಮೊದಲ ಅಧ್ಯಾಯದಲ್ಲಿ ಇಟ್ಟಿದ್ದೇನೆ. ಪಾರ್ಸೆಲ್ ಸಿಕ್ಕಿದ ದಿನ ಚಹಾ ಮಾಡಿಕೊಂಡು ಫೋನು ಮಾಡು. ಮೊದಲ ಅಧ್ಯಾಯ ನೀನು ಓದು, ನಾನು ಕೇಳುತ್ತೇನೆ.

ನಿನ್ನ ಅಮ್ಮ