ಮಗಳಿಗೊಂದು ಪತ್ರ: ಐದು ವೋಲ್ಟ್ ಎಲ್ಲಿ ಅಳೆಯಬೇಕು

ಬಳ್ಳಾರಿ

ಪ್ರೀತಿಯ ಮಗಳೇ,

ಸಂಡೂರಿಗೆ ತರಿಸಿಕೊಂಡ ಆರ್ಕೇಡ್ ಮಷಿನ್ (ನಾಣ್ಯ ಹಾಕಿ ಆಡುವ ವಿಡಿಯೊ ಗೇಮ್ ಪೆಟ್ಟಿಗೆ) ಆಡುತ್ತಿರುವಾಗಲೇ ರೀಸೆಟ್ ಆಗುತ್ತದೆ ಅಂದೆಯಲ್ಲ, ಅದಕ್ಕೆ ಬೋರ್ಡಿನ ಐಸಿ (ಚಿಪ್) ಕೀಳಲು ಹೋಗಬೇಡ. ಮೊದಲು ಬೋರ್ಡಿಗೆ ಕರೆಂಟ್ ಕೊಡುವ ಸಪ್ಲೈ ನೋಡು. ಪ್ಲಗ್ ಕಿತ್ತ ಮೇಲೂ ಸ್ವಿಚಿಂಗ್ ಸಪ್ಲೈ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 320 ವೋಲ್ಟಿನಷ್ಟು ಡಿಸಿ ಉಳಿದಿರಬಹುದು. ಹತ್ತು ನಿಮಿಷ ಬಿಟ್ಟು, ಮೀಟರ್ ಹಿಡಿದು ನೋಡಿಯೇ ಕೈ ಹಾಕು. ಪಿಕ್ಚರ್ ಟ್ಯೂಬಿನ ರಬ್ಬರ್ ಕ್ಯಾಪ್ ಹತ್ತಿರ ಹೋಗಲೇಬೇಡ.

ಬೋರ್ಡ್ ಜೋಡಿಸಿ, ಮಷಿನ್ ಆನ್ ಮಾಡಿ, ಮೀಟರನ್ನು 20 ವೋಲ್ಟ್ ಡಿಸಿಗೆ ಇಡು. ಬೋರ್ಡಿನ ಮೇಲೆ 74ಎಲ್‌ಎಸ್00 ಐಸಿ ಇದ್ದರೆ ಕಪ್ಪು ಮೊನೆ 7ನೇ ಕಾಲಿಗೆ, ಕೆಂಪು 14ಕ್ಕೆ. ಅಲ್ಲಿ 4.75ರಿಂದ 5.25ರೊಳಗೆ ಬರಬೇಕು. ಅದೇ ಐದು ವೋಲ್ಟನ್ನು ಸಪ್ಲೈ ಸ್ಕ್ರೂಗಳ ಮೇಲೂ ಅಳೆ. ಅಲ್ಲಿ 5.05, ಐಸಿ ಮೇಲೆ 4.6 ಬಂದರೆ ಸಪ್ಲೈ ಕೆಟ್ಟಿಲ್ಲ, ನಡುವಿನ ವೈರ್, ಕನೆಕ್ಟರ್ ದಾರಿ ಕೆಟ್ಟಿದೆ. ಐದು ಆಂಪಿಯರ್ ಹರಿಯುವ ದಾರಿಯಲ್ಲಿ 0.1 ಓಮ್ ತಡೆ ಇದ್ದರೂ ಅರ್ಧ ವೋಲ್ಟ್ ಅಲ್ಲೇ ಹೋಗುತ್ತದೆ, ಎರಡೂವರೆ ವ್ಯಾಟ್ ಶಾಖವಾಗಿ ಕನೆಕ್ಟರ್ ಸುಡುತ್ತದೆ.

ಇಲ್ಲಿ ಬಹಳ ಜನ ಪ್ರೀಸೆಟ್ (ಸಪ್ಲೈಯ ವೋಲ್ಟೇಜ್ ಹೊಂದಿಸುವ ತಿರುಪು) ತಿರುಗಿಸಿ 5.5ಕ್ಕೆ ಏರಿಸಿಬಿಡುತ್ತಾರೆ. ನೀನು ಹಾಗೆ ಮಾಡಬೇಡ. ಮುಂದೆ ಯಾವತ್ತೋ ಸಂಪರ್ಕ ಸರಿಯಾಗಿ ಕೂತಿತೆಂದರೆ ಆ 5.5 ಅಷ್ಟೂ ಚಿಪ್‌ಗಳ ಮೇಲೆ ಬೀಳುತ್ತದೆ. ಜಾಮಾ ಕನೆಕ್ಟರ್ (ಆರ್ಕೇಡ್ ಬೋರ್ಡಿನ ಅಂಚಿಗೆ ಕೂರುವ ಸ್ಟ್ಯಾಂಡರ್ಡ್ ಕನೆಕ್ಟರ್) ಆದರೆ 1, 2, ಎ, ಬಿ ಪಿನ್‌ಗಳು ಗ್ರೌಂಡ್. 3, 4, ಸಿ, ಡಿ ಐದು ವೋಲ್ಟ್. ಕಪ್ಪಾದ ಪಿನ್ ಇವುಗಳಲ್ಲೇ ಇರುತ್ತದೆ. ಗ್ರೌಂಡ್ ಕಡೆಯನ್ನು ಎಲ್ಲರೂ ಮರೆಯುತ್ತಾರೆ, ವೋಲ್ಟೇಜ್ ಡ್ರಾಪ್ ಅಲ್ಲೂ ಅಷ್ಟೇ ಆಗುತ್ತದೆ. ಬೋರ್ಡಿನ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸು, ಸಡಿಲವಾದ ಪಿನ್ ಹೊಸದು ಹಾಕು, ಆಮೇಲೆ ಐಸಿ ಮೇಲೆ 5.0 ಬರುವಂತೆ ಪ್ರೀಸೆಟ್ ಹೊಂದಿಸು.

ಐಸಿ, ಸಪ್ಲೈ ಸ್ಕ್ರೂ ಎರಡೂ ಕಡೆ ಕಡಿಮೆ ಬಂದರೆ ಕೆಪಾಸಿಟರ್ ಮೇಲೆ ಅನುಮಾನ. ಮೀಟರನ್ನು ಎಸಿಗೆ ತಿರುಗಿಸಿ, ಕೆಂಪು ಮೊನೆಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಸೀರೀಸಿನಲ್ಲಿ ಹಿಡಿದು ರಿಪಲ್ (ಡಿಸಿಯಲ್ಲಿ ಉಳಿದ ಏರಿಳಿತ) ನೋಡು. 0.1 ವೋಲ್ಟ್ ದಾಟಿದರೆ ಫಿಲ್ಟರ್ ಕೆಪಾಸಿಟರ್ ಒಣಗಿದೆ ಅಂತಲೇ ತಿಳಿ. ಹೊಸದರಲ್ಲಿ ಮೈಕ್ರೊಫ್ಯಾರಡ್ ಅಷ್ಟೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯದ್ದು. ಹತ್ತು ಡಿಗ್ರಿ ಬಿಸಿ ಏರಿದರೆ ಅದರ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ 85 ಡಿಗ್ರಿಯದ್ದು ಹಾಕುವುದು ದುಡ್ಡು ದಂಡ. ಗಾಳಿಕಿಂಡಿಯಲ್ಲಿ ಕೂತ ಅದಿರಿನ ಧೂಳನ್ನೂ ಬ್ರಷ್‌ನಿಂದ ತೆಗೆ.

ಹೊಸ ಸಪ್ಲೈ ಹಾಕುವುದಾದರೆ ಬೋರ್ಡಿಗೆ ಜೋಡಿಸುವ ಮೊದಲು ಐದು ವೋಲ್ಟ್ ಸಾಲಿಗೆ 5 ಓಮ್, 10 ವ್ಯಾಟ್ ರೆಸಿಸ್ಟರ್ ಕಟ್ಟಿ ಅಳೆ. ಲೋಡ್ ಇಲ್ಲದ ರೀಡಿಂಗ್ ನಂಬಬೇಡ. ಬೋರ್ಡಿನ ಮೇಲೆ ಹಳೇ ಮೆಮೊರಿ ಚಿಪ್ ಆದ 4116 ರ‍್ಯಾಮ್ ಇದ್ದರೆ ಮೈನಸ್ ಐದು ವೋಲ್ಟ್ ಬರುತ್ತಿದೆಯಾ ನೋಡಿಯೇ ಆನ್ ಮಾಡು. ಅದಿಲ್ಲದೆ ಹನ್ನೆರಡು ವೋಲ್ಟ್ ಬಂದರೆ ಆ ಚಿಪ್‌ಗಳು ಹೋದವೇ ಸರಿ.

ಐಸಿ ಮೇಲಿನದು, ಸ್ಕ್ರೂ ಮೇಲಿನದು, ಎರಡೂ ರೀಡಿಂಗ್ ಬರೆದು ಕಳಿಸು.

ನಿನ್ನ ಅವ್ವ